ಜೋಡಿ ಹಚ್ಚಿ ನೋಡುವವರ ಮನೆಯಲ್ಲಿ

ನಮ್ಮ ಮನೆಯವರಿಗೆ ಯಾವುದನ್ನೂ ಒಂಟಿಯಾಗಿ ನೋಡಿ ಗೊತ್ತಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುವ ಮನುಷ್ಯ. ಈ ರಾಶಿಯಿಂದೊಂದು, ಆ ರಾಶಿಯಿಂದೊಂದು ಕಾಯಿ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮುರಿದು, ಮೂಸಿ, ಆಮೇಲೆ ಮಾತು. 'ಒಂದ ನೋಡಿದ್ರ ಎಲ್ಲಾ ಕೆಂಪಗ ಕಾಣ್ತಾವ' ಎಂಬುದು ಅವರ ಸಿದ್ಧಾಂತ. ಪೇಟೆಯಲ್ಲಿ ಇದು ಜಾಣತನವೇ ಇರಬಹುದು. ಮನೆಯಲ್ಲಿ ಮಾತ್ರ ತಲೆನೋವು. ಬದನೆಕಾಯಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲಕ್ಕೂ ಜೋಡಿ ಹಚ್ಚುತ್ತಾರೆ. ಕದರಮಂಡಲಗಿಯ ಗುಡಿಯ ಹನುಮಪ್ಪನೊಬ್ಬನನ್ನು ಬಿಟ್ಟಿದ್ದಾರೆ, ಅದೂ ಅಂಜಿಕೆಗೆ.

ಇಂಥವರು ನನ್ನನ್ನು ನೋಡಲು ರಾಣೇಬೆನ್ನೂರಿನ ನನ್ನ ತವರಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಚಹಾ ಕುಡಿದರು, ಸುಮ್ಮನೆ ಕೂತರು, ಹೊರಡುವ ಹೊತ್ತಿಗೆ ಸರಿಯಾಗಿ ಇನ್ನೊಂದು ಕಪ್ ಕೇಳಿದರು. ಕನ್ಯಾ ನೋಡಲು ಬಂದವರು ಎರಡನೇ ಚಹಾ ಕೇಳುವುದನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಮದುವೆಯಾಗಿ ಅವರ ಗುಣ ತಿಳಿದ ಮೇಲೆ ನನಗೆ ಅರ್ಥವಾಯಿತು, ಮೊದಲ ಕಪ್ಪಿಗೂ ಎರಡನೇ ಕಪ್ಪಿಗೂ ಜೋಡಿ ಹಚ್ಚಿರಬೇಕು. ಅದರ ಬೆನ್ನಿಗೇ ಇನ್ನೊಂದು ಅನುಮಾನ ಹತ್ತಿಕೊಂಡಿತು. ಚಹಾವನ್ನೇ ಬಿಡದವರು ನನ್ನನ್ನು ಯಾರ ಜೋಡಿ ಹಚ್ಚಿದ್ದರು? ಯಾವ ಊರಿನ ಯಾವ ಹುಡುಗಿಗಿಂತ ನಾನು ಒಂದು ಗುಲಗಂಜಿ ಹೆಚ್ಚು ತೂಗಿದೆ? ಕೇಳಬೇಕು, ಕೇಳಬೇಕು ಎಂದುಕೊಂಡೇ ವರ್ಷಗಳು ಕಳೆದವು. 'ಭಾಳ ಫರಕ್ ಏನಿರಲಿಲ್ಲ' ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಇರಲಿ, ಸಂಗೀತದ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರ ಅಕ್ಕನ ಮಗ ಹಾಸ್ಟೆಲ್ ಬಿಡುವಾಗ ಒಂದು ಚೀಲ ಸಿ.ಡಿ. ತಂದು ನಮ್ಮಲ್ಲಿ ಇಟ್ಟುಹೋದ. ಇಂಡಿ ರಾಕ್ ಅಂತೆ. ಬಿಜಾಪುರದ ಕಡೆಯ ಇಂಡಿಯೇ ಎಂದು ಕೇಳಿ ನಗೆಪಾಟಲಾದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕು ಜನ ಗೆಳೆಯರು ಕೂಡಿ, ಗಿಟಾರು ಡ್ರಮ್ಮು ಬಾರಿಸಿ, ತಮ್ಮ ಪಾಡಿಗೆ ತಾವು ಹೊರತರುವ ಆಲ್ಬಮ್ಮುಗಳಂತೆ. ನಮ್ಮೂರ ಭಜನಾ ಮೇಳದಂಥವೇ ಅನ್ನಿ, ಸಿಟ್ಟು ಸ್ವಲ್ಪ ಜಾಸ್ತಿ. ನಮ್ಮವರು ಒಂದು ಕೇಳಿದರು, ಎರಡು ಕೇಳಿದರು, ಮರುಳಾದರು. ಮರುಳಾದವರು ಸುಮ್ಮನೆ ಕೇಳಿಕೊಂಡು ಇರಬಾರದೆ? 'ಇದರಾಗ ಒಂದನೇ ನಂಬರ್ ಯಾವುದು ಅಂತ ತಿಳೀಬೇಕಲ್ಲ' ಎಂದು ಕಬಡ್ಡಿ ಪಂದ್ಯಕ್ಕೆ ಕಟ್ಟುವ ಹಾಗೆ ಜೋಡಿ ಕಟ್ಟಿದರು.

ನನ್ನ ಭಾನುವಾರಗಳು ಹಾಳಾದದ್ದು ಹೀಗೆ. ಈ ಸಿ.ಡಿ.ಯದೊಂದು ಹಾಡು, ಆ ಸಿ.ಡಿ.ಯದೊಂದು ಹಾಡು, ಕೊನೆಗೆ ತೀರ್ಪು. ಸೋತದ್ದು ಚೀಲಕ್ಕೆ, ಗೆದ್ದದ್ದು ಮುಂದಿನ ಸುತ್ತಿಗೆ. ತೀರ್ಪಿಗೆ ಒಬ್ಬರು ಸಾಲದಂತೆ. ರೊಟ್ಟಿ ಬಡಿಯುತ್ತಿದ್ದವಳನ್ನು ಕರೆದು ಕೂಡಿಸಿ, 'ಇದರ ಬಣ್ಣ ನೋಡು, ಅದರ ಖಾರ ನೋಡು' ಎನ್ನುತ್ತಿದ್ದರು. ನನಗೆ ಎರಡೂ ಪಕ್ಕದ ಮನೆಯ ಜಗಳದ ಹಾಗೆ. ಸದ್ದು ಕೇಳುತ್ತದೆ, ತಪ್ಪು ಯಾರದೆಂದು ತಿಳಿಯುವುದಿಲ್ಲ. ಯಾವುದು ಬೇಗ ಮುಗಿಯಿತೋ ಅದಕ್ಕೆ ನನ್ನ ಮತ. ನಡುವೆ ಕರೆಂಟು ಹೋದರೆ ಪಂದ್ಯ ರದ್ದು, ಮತ್ತೆ ಮೊದಲಿನಿಂದ. ಆಗ ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತಿತ್ತೆಂದು ನಾನು ಹೇಳಬೇಕಾಗಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಉಪಮೆಗೆ ಎರಡು ವಸ್ತು ಬೇಕೆಂದು ಮಕ್ಕಳಿಗೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಆದರೆ ನಮ್ಮ ಅಲಂಕಾರಶಾಸ್ತ್ರದವರೂ ಹೋಲಿಸಿ ಹೋಲಿಸಿ ಬೇಸತ್ತಿರಬೇಕು, ಅನನ್ವಯ ಎಂದು ಒಂದು ಅಲಂಕಾರ ಮಾಡಿಟ್ಟಿದ್ದಾರೆ. ಅಲ್ಲಿ ವಸ್ತುವಿಗೆ ಅದೇ ಸಾಟಿ, ಬೇರೆ ಜೋಡಿಯಿಲ್ಲ. ಮೊದಲ ಸುತ್ತಿನಲ್ಲೇ ಸೋತ ಒಂದು ಸಿ.ಡಿ.ಯಲ್ಲಿ ಹೆಣ್ಣುಮಗಳೊಬ್ಬಳು ನೆಗಡಿಯಾದ ದನಿಯಲ್ಲಿ ಹಾಡುತ್ತಾಳೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತೆಂದು ಅದನ್ನು ಸೋಲಿಸಿದವಳು ನಾನೇ. ಅವರು ಪೇಟೆಗೆ ಹೋದಾಗ ಚೀಲದಿಂದ ತೆಗೆದು ಅದನ್ನೇ ಹಚ್ಚುತ್ತಿದ್ದೆ. ಬಹಳ ಚೆನ್ನಾಗಿತ್ತು. ಯಾವುದಕ್ಕಿಂತ ಎಂದು ಮಾತ್ರ ಕೇಳಬೇಡಿ.

ಅಂತೂ ಫೈನಲ್ ಬಂತು. ಎರಡೂ ಆಲ್ಬಮ್ಮು ಪೂರ್ತಿ ಕೇಳಿಸಿ, 'ಹೇಳು, ಇದೋ ಅದೋ?' ಎಂದರು. ನನ್ನ ತಾಳ್ಮೆಯೂ ಅಲ್ಲಿಗೆ ಮುಗಿದಿತ್ತು.

'ನಾ ಹೇಳೂದಿಲ್ಲ. ಮೊದಲ ನೀವು ಹೇಳ್ರಿ. ನನ್ನ ನೋಡಾಕ ಬಂದಾಗ ಯಾರ ಜೋಡಿ ಹಚ್ಚಿ ನೋಡಿದ್ರಿ?'

ಅಷ್ಟು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬಿದ್ದಿತ್ತು. ಅವರು ಕೈಯಲ್ಲಿದ್ದ ಸಿ.ಡಿ.ಯನ್ನು ಅಂಗಿಯ ಚುಂಗಿಗೆ ಒರೆಸತೊಡಗಿದರು.

'ಕುಪ್ಪೇಲೂರಾಗ ಒಂದು ಕನ್ಯಾ ಇತ್ತು. ಅವತ್ತ ಮಧ್ಯಾಹ್ನದ ಬಸ್ಸಿಗೆ ಹೋಗಿ ನೋಡೂದು ಅಂತ ಮಾತಾಗಿತ್ತು.'

ಹೆದರುತ್ತಲೇ ಕೇಳಿದೆ, 'ಹೆಂಗಿದ್ಲು?'

'ಯಾರಿಗ್ಗೊತ್ತು. ನಾ ಹೋಗಲೇ ಇಲ್ಲ.'

'ಯಾಕ, ಬಸ್ ಬರಲಿಲ್ಲೇನು?'

'ಬಂತು. ನಿಮ್ಮ ಮನಿಯಾಗ ಕುಂತಿದ್ನಲ್ಲ, ಹಾರನ್ ಕೇಳಿಸ್ತು. ಆವಾಗ ಇನ್ನೊಂದು ಕಪ್ ಚಹಾ ಕೇಳಿದೆ.'

ಸಂತೋಷವಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು.

'ಇಷ್ಟು ವರ್ಷ ಇದನ್ನ ಹೇಳಾಕ ಏನಾಗಿತ್ತು ನಿಮಗ?'

'ನೀ ಕೇಳಲಿಲ್ಲಲ್ಲ.'

ಅವರ ಕೈಯಲ್ಲಿದ್ದ ಸಿ.ಡಿ.ಗೆ ಬೆರಳು ಮಾಡಿ, 'ಇದ ಗೆದ್ದದ್ದು' ಎಂದೆ. ಅಷ್ಟಕ್ಕೆ ಬಿಟ್ಟಾರೆಯೇ? 'ಹಂಗ ಅಂದ್ರ ಹೆಂಗ? ಎರಡೂ ಇನ್ನೊಮ್ಮೆ ಕೇಳಿ ಹೇಳು' ಎಂದು ಮತ್ತೆ ಮೊದಲಿನಿಂದ ಹಚ್ಚಿದರು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಎದ್ದುಹೋಗಿ ಚಹಾಕ್ಕೆ ನೀರಿಟ್ಟೆ, ಇಬ್ಬರಿಗೂ ಎರಡೆರಡು ಕಪ್ ಆಗುವಷ್ಟು.