ನಿಂತೇ ಬರ್ತೇನಿ ಎಂದ ಧರ್ಮಣ್ಣ

ಗೊಬ್ಬೂರಿನ ಧರ್ಮಣ್ಣ ಅಫಜಲಪುರದ ಅಡತಿ ಅಂಗಡಿಯಲ್ಲಿ ರೈತರು ಮಾರಲು ತಂದ ಕಾಳಿನ ಚೀಲ ತೂಗುತ್ತಿದ್ದ. ದಿನಾ ಬಸ್ಸಿನಲ್ಲಿ ಗುದ್ದಾಡಿ ಸೀಟು ಹಿಡಿಯುವವನು ಅವನು, ಕೂರುವವರು ಯಾರೋ ಮುದುಕರು. "ಇಂವಗ ಟಿಕೀಟ್ ಯಾಕ್ರಿ, ಬಸ್ಸಿನ ಕಂಬ ಇದ್ದಂಗ ಅದಾನ," ಎಂದು ಕಂಡಕ್ಟರು ಚೇಷ್ಟೆ ಮಾಡುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಿಲಿಟರಿಯಲ್ಲಿದ್ದ ತಮ್ಮ ಮಲ್ಲಣ್ಣ ದಿಲ್ಲಿಯ ಆಸ್ಪತ್ರೆಯಲ್ಲಿದ್ದಾನೆ, ಉಳಿಯುವುದು ಕಷ್ಟ ಎಂದು ತಾರು ಬಂತು. ರೈಲಿಗೆ ಹೋದರೆ ಮುಖ ಸಿಗಲಿಕ್ಕಿಲ್ಲವೆಂದು ಅಂಗಡಿಯ ಸಾವಕಾರ ಚಂದ್ರಾಮಪ್ಪ ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆಸಿಕೊಟ್ಟರು. ತಾಯಿ ಚಂದಮ್ಮನಿಗೆ ನಡೆಯಲು ಕಾಲಲ್ಲಿ ಬಲವಿರಲಿಲ್ಲ. "ನೀನರೆ ಹೋಗಿ ಅವ್ನ ಬಾಯಾಗ ನೀರ ಬಿಡಪ್ಪ," ಎಂದು ಕಳಿಸಿದಳು.

ಅಂದು ಪೈಲಟರ ಮುಷ್ಕರ. ಎರಡು ವಿಮಾನದ ಜನರನ್ನು ಒಂದಕ್ಕೇ ತುಂಬುವ ಗಡಿಬಿಡಿಯಲ್ಲಿ ಕಂಪನಿಯವರು ಒಂದೇ ಸೀಟನ್ನು ಇಬ್ಬರಿಗೆ ಬರೆದುಕೊಟ್ಟಿದ್ದರು. ಧರ್ಮಣ್ಣ ಕೂತಿದ್ದಲ್ಲಿಗೆ ಒಬ್ಬ ಮುದುಕಿ ಅದೇ ನಂಬರಿನ ಚೀಟಿ ಹಿಡಿದು ಬಂದು ನಿಂತಳು.

"ಇದು ನಂದು ಜಾಗಾ ಅಂತಾರಪ್ಪ," ಎಂದಳು. ಆಳಂದದ ಜೈತುನಬಿ, ದಿಲ್ಲಿಯ ಮಗಳ ಮನೆಗೆ ಹೊರಟವಳು. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಧರ್ಮಣ್ಣ ಎದ್ದೇಬಿಟ್ಟ.

"ಕುಂದರ್ರಿ ಆಯಿ. ನಾ ನಿಂತೇ ಬರ್ತೇನಿ."

ಹಿಡಿಯಲು ಮೇಲೆ ಸರಳು ಹುಡುಕಿದ. ಇರಲಿಲ್ಲ. ಸಾಮಾನಿಡುವ ಗೂಡಿನ ಅಂಚು ಹಿಡಿದು ನಿಂತ. ಸುತ್ತಲಿನವರು ನಕ್ಕರು. ನಗುವಂಥದ್ದೇನಿತ್ತೋ ಆ ಶಿವನೇ ಬಲ್ಲ.

ಟೈ ಕಟ್ಟಿದ ಅಧಿಕಾರಿ ಬಂದು, ವಿಮಾನದಲ್ಲಿ ನಿಲ್ಲುವಂತಿಲ್ಲ, ಇಳಿಯಿರಿ ಎಂದ. ತಮ್ಮ ಸಾಯುತ್ತಿದ್ದಾನೆ ಎಂದು ಧರ್ಮಣ್ಣ ಹರಕು ಉರ್ದುವಿನಲ್ಲಿ ಹೇಳಿದ, ಕೈ ಮುಗಿದ. "ಸೀಟು ನೀವಾಗಿಯೇ ಬಿಟ್ಟಿರಿ, ನಾವು ಬಿಡಿಸಲಿಲ್ಲ," ಎಂಬ ಉತ್ತರ ಬಂತು. ತಪ್ಪು ಬರೆದವರು ಅವರು, ದಂಡ ತೆತ್ತವನು ಇವನು. ಅವನನ್ನು ಕೆಳಗಿಳಿಸಿದರು. ಬೇರೆ ಕಡೆ ಕೂರಿಸಲು ಕರೆದೊಯ್ದರೆಂದು ತಿಳಿದ ಜೈತುನಬಿ ಹಿಂದಿನಿಂದ ದುವಾ ಮಾಡಿದಳು.

ಏಣಿ ಸರಿಯಿತು. ಬಾಗಿಲು ಮುಚ್ಚಿತು. ಆದರೂ ಧರ್ಮಣ್ಣ ಕರೆದೇ ಕರೆಯುತ್ತಾರೆಂದು ಅಲ್ಲೇ ನಿಂತ. ಬಸ್ಸಾಗಿದ್ದರೆ ಯಾರಾದರೂ ಕೂಗಿ ನಿಲ್ಲಿಸುತ್ತಿದ್ದರು. ವಿಮಾನ ಅವನ ಕಣ್ಣೆದುರೇ ಹಾರಿಹೋಯಿತು.

ಮರುದಿನ ಬೇರೆ ವಿಮಾನದಲ್ಲಿ ಹೋಗಿ ಮಧ್ಯಾಹ್ನ ಆಸ್ಪತ್ರೆ ಮುಟ್ಟಿದ. ಮಲ್ಲಣ್ಣ ಬೆಳಗಿನ ಜಾವವೇ ಹೋಗಿದ್ದ. ಹಿಂದಿನ ದಿನ ಸಂಜೆಯವರೆಗೆ ಬಾಗಿಲ ಕಡೆಗೇ ನೋಡುತ್ತಿದ್ದನೆಂದು ನರ್ಸ್ ಹೇಳಿದಳು.

ಮಲ್ಲಣ್ಣನನ್ನು ಊರಿಗೆ ತಂದು ಮಣ್ಣು ಕೊಟ್ಟು ಮುಗಿದ ಮೇಲೆ, ನಡೆದದ್ದೆಲ್ಲ ಮಗನಿಂದ ತಿಳಿದ ಚಂದಮ್ಮ ಕೇಳಿದಳು, "ಎದ್ದ್ಯಾಕಪ್ಪ?"

"ಮುದುಕಿ ನಿಂತಿದ್ಲು, ಯವ್ವಾ. ನಿನ್ನಷ್ಟ ವಯಸ್ಸಿನಾಕಿ."

ಚಂದಮ್ಮ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಅವಳೇ ಅಂದಳು:

"ನಿಂತಿರ್ಲಿ ಅಂತ ಬಿಡಬೇಕಿತ್ತು."