ಚಾಕುವಿಗೆ ಚಳಿ ಹಿಡಿಸಿದ್ದು

ಅಮ್ಮನ ಚಾಕು ಮೊಂಡಾಗಿತ್ತು. ಅದನ್ನು ಹನಗೋಡಿನಲ್ಲಿ ಚಾಕು-ಕತ್ತಿ ಹದ ಮಾಡುವ ರಹಮತ್ ಸಾಬರ ಮನೆಗೆ ಕೊಂಡೊಯ್ದೆ. ಅಂಗಳದ ಕುಲುಮೆಯಲ್ಲಿ ಅವರು ಅದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಇನ್ನು ಮಂಜಿಗಿಂತ ಎಷ್ಟೋ ಪಾಲು ತಣ್ಣಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಹರಿತ ಬಹುಕಾಲ ನಿಲ್ಲುತ್ತದಂತೆ.

“ಹಳೇ ಉಕ್ಕು ಮೇಡಂ, ಬಿರುಕು ಬಿಟ್ರೂ ಬಿಡಬಹುದು. ಹಾಕ್ಲಾ?”

ಅಮ್ಮನದೆಂದು ನನ್ನ ಬಳಿ ಉಳಿದಿರುವುದು ಅದೊಂದೇ. ಆದರೂ ಕಾನ್ವೆಂಟಿನಲ್ಲಿ ಓದಿದವಳು ವಿಜ್ಞಾನಕ್ಕೆ ಹೆದರುವುದುಂಟೆ? ಬೆನ್ನು ನೆಟ್ಟಗೆ ಮಾಡಿಕೊಂಡು “ಹಾಕಿ” ಎಂದೆ.

ಹಸುಗಳಿಗೆ ಗರ್ಭ ಕಟ್ಟಿಸುವ ಡಾಕ್ಟರುಗಳು ಹೋರಿಯ ವೀರ್ಯ ಕೆಡದಂತೆ ಇಟ್ಟುಕೊಳ್ಳುವಂಥ ಕ್ಯಾನಿನಿಂದ ಸಾಬರು ಆ ದ್ರವವನ್ನು ಡಬ್ಬಿಗೆ ಸುರಿದು ಅಲಗನ್ನು ನಿಧಾನವಾಗಿ ಇಳಿಬಿಟ್ಟರು. ಬಿಳಿ ಹೊಗೆ ಉಕ್ಕಿ ನನ್ನ ಗಂಜಿ ಹಾಕಿದ ಸೀರೆಯ ನೆರಿಗೆಯನ್ನೇ ನುಂಗಿತು. ಅಷ್ಟರಲ್ಲಿ ಪಕ್ಕದ ಬೀದಿಯ ರೈತರೊಬ್ಬರು ಹಸು ಎಳೆದುಕೊಂಡು ಓಡಿಬಂದರು.

“ಡಾಕ್ಟ್ರಮ್ಮ, ಹಸ ಬೆದೆಗೆ ಬಂದದೆ. ಬೇಗ ಇಂಜೆಕ್ಷನ್ ಕೊಟ್ಬುಡಿ!”

“ನಾನು ಡಾಕ್ಟರಲ್ಲ.”

“ಕ್ಯಾನ್ ಕಂಡೇ ಬಂದೆ ಕಣವ್ವಾ. ನಿಮ್ ಸೀರೆ ನೋಡುದ್ರೆ ಗೊತ್ತಾಗಕಿಲ್ವಾ? ಜರ್ಸಿ ಹೋರಿದಾದ್ರೂ ಸರಿ.”

“ಕೊಡಿ ಮೇಡಂ, ಪಾಪ” ಎಂದರು ಸಾಬರು, ಮುಖ ಆಚೆ ತಿರುಗಿಸಿ.

“ಇದರೊಳಗಿರೋದು ನಮ್ಮಮ್ಮನ ಚಾಕು!” ಎಂದು ಕಿರುಚಿದೆ.

ರೈತರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಹಸುವನ್ನು ತಮ್ಮ ಬೆನ್ನ ಹಿಂದೆ ಎಳೆದುಕೊಂಡರು. “ಚಾಕು ಯಾಕವ್ವಾ?”

ನಗು ತಡೆಯಲಾಗದೆ ಕುಲುಮೆಯ ಪಕ್ಕದಲ್ಲೇ ಕುಸಿದು ಕೂತೆ.

ಸಂಜೆ ಸಾಬರು ಅಲಗನ್ನು ಹೊರತೆಗೆದು, ಹದವಾಗಿ ಕಾಯಿಸಿ, ಸಾಣೆಕಲ್ಲಿಗೆ ಉಜ್ಜಿ, ಬೆಳಕಿಗೆ ಹಿಡಿದರು. ಒಂದು ಬಿರುಕೂ ಇರಲಿಲ್ಲ. ಈಗ ಟೊಮೇಟೊ ಕಾಗದದಷ್ಟು ತೆಳ್ಳಗೆ ಬೀಳುತ್ತದೆ. ಹನಗೋಡಿನಲ್ಲಿ ಮಾತ್ರ ನಾನು, ಕ್ಯಾನ್ ಇಟ್ಟುಕೊಂಡೂ ಇಂಜೆಕ್ಷನ್ ಕೊಡದ ಸೊಕ್ಕಿನ ಡಾಕ್ಟರಮ್ಮ.