ತಪ್ಪು ಕಡ್ಡಿಯದು, ಕೈಯದಲ್ಲ

ಕೈಗುಣ ಎಂಬ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಗಂಡ ತೀರಿಕೊಂಡ ಮೇಲೆ ಚನ್ನರಾಯಪಟ್ಟಣದ ನಮ್ಮ ವಾಚ್ ರಿಪೇರಿ ಅಂಗಡಿಯನ್ನು ನಾನೇ ನಡೆಸತೊಡಗಿದೆ. ವಿಧವೆಯ ಕೈಗೆ ಬೋಣಿ ಯಾಕೆ ಎಂದು ಬೆಳಗ್ಗೆ ಬಾಗಿಲವರೆಗೆ ಬಂದವರು ಮುಂದಕ್ಕೆ ಹೋಗುತ್ತಿದ್ದರು. ಹೋಗಲಿ ಬಿಡಿ, ಮಧ್ಯಾಹ್ನ ಅದೇ ವಾಚು ಹಿಡಿದು ವಾಪಸ್ಸು ಬರುತ್ತಿದ್ದರಲ್ಲ. ನಾನು ಮಾತ್ರ ಹಟಕ್ಕೆ ಬಿದ್ದು ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುತ್ತಿದ್ದೆ.

ಹೋದ ವರ್ಷ ಬಾಗೂರಿನ ಹುಡುಗಿಯೊಬ್ಬಳು ಒಂದು ಹಳೆಯ ಕೀ ಕೊಡುವ ವಾಚು ತಂದಳು. ಅವಳಿಗೆ ಸಾಲಗಾಮೆಯ ಗಂಡಿನ ಜೊತೆ ನಿಶ್ಚಿತಾರ್ಥವಾಗಿತ್ತು. ಅತ್ತೆಯಾಗುವಾಕೆ ಮನೆಯ ಹಿರಿಯಜ್ಜಿಯ ಈ ವಾಚನ್ನು ರಿಪೇರಿ ಮಾಡಿಸಿ, ಆ ಶಾಸ್ತ್ರದ ದಿನವೇ ಇವಳ ಕೈಗೆ ಕಟ್ಟಿದ್ದರು. ಆರತಿ ಮುಗಿಯುವುದರೊಳಗೆ ಅದು ನಿಂತುಹೋಯಿತು. ಬಿಚ್ಚಿಕೊಂಡು ಹೋಗಿ ಅವರ ಮನೆಯ ಮೊಳೆಗೆ ನೇತುಹಾಕಿದರೆ ಮತ್ತೆ ಓಡಿತು. ನೆಂಟರ ಬಾಯಿಗೆ ಇನ್ನೇನು ಬೇಕು? ಲಗ್ನಪತ್ರಿಕೆ ಬರೆಸುವ ಮಾತು ಅಲ್ಲಿಗೇ ನಿಂತಿತು. ಗಂಡು ಮಾತ್ರ ವಾಚನ್ನು ಇವಳಿಗೆ ತಂದುಕೊಟ್ಟು, ಗೊತ್ತಿದ್ದವರಿಗೆ ತೋರಿಸು ಎಂದಿದ್ದನಂತೆ.

"ನನ್ ಕೈಗೆ ಆಗ್‌ಬರಾಕಿಲ್ವಂತೆ ಅಕ್ಕ. ಓಡೋ ವಾಚ್ನೇ ನಿಲ್ಸ್‌ದೋಳು, ನಡ್ಯೋ ಮನೇನ್ ನಿಲ್ಸಾಕಿಲ್ವಾ ಅಂತಾರೆ," ಎಂದಳು. ಅಳಲಿಲ್ಲ, ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಆ ಸಿಟ್ಟು ನನಗೆ ಹಿಡಿಸಿತು.

ಹಿಂದಿನ ಮುಚ್ಚಳ ತೆಗೆದು ಮೇಜಿನ ಮೇಲೆ ಬೋರಲು ಇಟ್ಟೆ. ಚೆನ್ನಾಗಿ ಓಡಿತು. ಅಂಗಾತ ತಿರುಗಿಸಿದೆ. ಸ್ವಲ್ಪ ಹೊತ್ತು ಕುಂಟಿ, ನಿಂತಿತು. ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದರೆ ವಿಷಯ ಅಲ್ಲೇ ಇತ್ತು. ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ನಡುವಿನ ಉಕ್ಕಿನ ಕಡ್ಡಿಯನ್ನು ಯಾರೋ ಬದಲಾಯಿಸಿದ್ದರು. ಬೇರೆ ವಾಚಿನ ಕಡ್ಡಿ ಅದು, ಕೂದಲೆಳೆಯಷ್ಟು ಗಿಡ್ಡ. ವಾಚು ಅಂಗಾತವಾದರೆ ಚಕ್ರ ಜಾರಿ ಅದನ್ನು ಹಿಡಿದ ಪಟ್ಟಿಗೆ ಉಜ್ಜುತ್ತಿತ್ತು. ರಿಪೇರಿಯವರ ಮೇಜಿನ ಮೇಲೆ ವಾಚು ಬೋರಲಾಗಿ ಮಲಗಿರುತ್ತದೆ, ಅವರಿಗೆ ಗೊತ್ತಾಗಿಲ್ಲ. ಮೊಳೆಗೆ ನೇತುಹಾಕಿದಾಗಲೂ ಉಜ್ಜುವುದಿಲ್ಲ. ಹಸೆಮಣೆಯ ಮೇಲೆ ತಲೆ ತಗ್ಗಿಸಿ, ಕೈಯನ್ನು ಮಡಿಲಲ್ಲಿಟ್ಟು ಅಲ್ಲಾಡದೆ ಕೂತ ಹೆಣ್ಣಿನ ಕೈಯಲ್ಲಿ ಅಂಗಾತವಾಗುತ್ತದೆ, ನಿಲ್ಲುತ್ತದೆ. ಅಲ್ಲಾಡದೆ ಕೂರು ಅಂದವರೂ ಅವರೇ, ನಿಲ್ಲಿಸಿದಳು ಅಂದವರೂ ಅವರೇ.

ಬೇಗ ರಿಪೇರಿ ಮಾಡಿಕೊಡಿ ಎಂದಳು. ನಾನು ಮುಚ್ಚಳ ಹಾಕಿಬಿಟ್ಟೆ. ಈಗಲೇ ಸರಿಮಾಡಿ ಕೊಟ್ಟರೆ, ಯಾರೋ ಮಂತ್ರಿಸಿ ಕೊಟ್ಟರು ಅಂತ ಅದಕ್ಕೂ ಒಂದು ಕತೆ ಕಟ್ಟುತ್ತಾರೆ. ಮೊದಲು ನಿಮ್ಮ ಅತ್ತೆ ಇಲ್ಲಿಗೆ ಬರಲಿ ಎಂದೆ.

ಗಂಡು ಏನು ಹೇಳಿ ಒಪ್ಪಿಸಿದನೋ, ಮುಂದಿನ ವಾರ ಆಕೆ ಮಗನ ಜೊತೆ ಬಂದರು. ಹುಡುಗಿಯೂ ಬಂದಿದ್ದಳು. ಸ್ಟೂಲು ಕೊಟ್ಟು, ಕೀ ಕೊಟ್ಟು, ವಾಚನ್ನು ಅವರ ಕೈಗೇ ಕಟ್ಟಿ, ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂರಿ ಎಂದೆ. ಕಾಫಿ ತರಿಸಿದೆ. ಆಕೆ ಲೋಟಕ್ಕೆ ಇನ್ನೊಂದು ಕೈ ಚಾಚುವಷ್ಟರಲ್ಲಿ ವಾಚು ನಿಂತಿತ್ತು.

"ಈಗ ಯಾರ ಕೈಗುಣ ಅಂತೀರಮ್ಮ?" ಎಂದೆ.

ಆಕೆ ವಾಚನ್ನು ಕೈಯಿಂದ ಕಳಚಿ ಮೇಜಿನ ಮೇಲಿಟ್ಟರು. ಮಗ ನಗು ತಡೆಯಲು ಬೀದಿ ಕಡೆ ತಿರುಗಿಕೊಂಡ. ನಾನು ನಗಲಿಲ್ಲ, ನನಗೆ ಬಂದಿದ್ದು ಸಿಟ್ಟು.

ಅವರ ಕಣ್ಣೆದುರೇ ವಾಚು ಬಿಚ್ಚಿದೆ. ಗಿಡ್ಡ ಕಡ್ಡಿ ತೆಗೆದು, ನನ್ನ ಗಂಡ ಬಿಡಿಭಾಗ ತುಂಬಿಟ್ಟಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಇನ್ನೊಂದನ್ನು ಹಾಕಿದರೆ ಅದು ಉದ್ದವಾಯಿತು, ಪಟ್ಟಿಯ ಸ್ಕ್ರೂ ಬಿಗಿದೊಡನೆ ಚಕ್ರ ಸಿಕ್ಕಿಕೊಂಡಿತು. ಉಜ್ಜಿ ಕೂರಿಸಬಹುದಿತ್ತು. ಹಾಗೆ ಕೂರಿಸಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆಗಿದ್ದು? ಕೊನೆಗೆ ಅದೇ ಜಾತಿಯ ಕೆಟ್ಟ ವಾಚೊಂದನ್ನು ಹುಡುಕಿ, ಅದರ ಕಡ್ಡಿ ತೆಗೆದು ಹಾಕಿದೆ. ಬೋರಲು, ಅಂಗಾತ, ನೆಟ್ಟಗೆ, ಹೇಗಿಟ್ಟರೂ ಓಡಿತು.

ಅತ್ತೆ ಕೈ ಚಾಚಿದರು. "ಕೊಡಮ್ಮ, ನಾನೇ ಕಟ್ತೀನಿ. ಮುತ್ತೈದೆ ಕಟ್ಬೇಕು," ಎಂದರು. ಮೆತ್ತಗೇ ಹೇಳಿದರು, ನನ್ನ ಬರಿ ಹಣೆಯನ್ನು ನೋಡದೆ.

ಹುಡುಗಿ ತನ್ನ ಕೈಯನ್ನು ಗಾಜಿನ ಪೆಟ್ಟಿಗೆಯ ಮೇಲಿಂದ ನನ್ನ ಕಡೆಗೆ ನೀಡಿದಳು. "ಅಕ್ಕನೇ ಕಟ್ಲಿ ಅತ್ತೆ. ಇಲ್ದಿದ್ರೆ ನಂಗೆ ಈ ವಾಚೂ ಬ್ಯಾಡ, ಈ ಮದ್ವೇನೂ ಬ್ಯಾಡ," ಎಂದಳು.

ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಅವಳ ಕೈಗೆ ಬೆಲ್ಟ್ ಸುತ್ತಿ ಬಕಲ್ ಹಾಕಿದೆ. ಹುಡುಗಿ ಅತ್ತೆಯ ಎದುರಿಗೇ ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಈ ಸಲ ತಲೆ ತಗ್ಗಿಸಲಿಲ್ಲ. ಅತ್ತೆ, ಮಗ ಹತ್ತಬೇಕಿದ್ದ ಹಾಸನದ ಬಸ್ಸು ಬಂದು ಹೋಯಿತು, ಅವರು ಏಳಲಿಲ್ಲ, ವಾಚು ಓಡುತ್ತಲೇ ಇತ್ತು.